ಅದೇ ರಕ್ತ, ಅದೇ ಐದು ಟೆಸ್ಟ್: ಒಂದು ಕಡೆ 2,600, ಇನ್ನೊಂದು ಕಡೆ 999

ಕಳೆದ ತಿಂಗಳು ಅಮ್ಮನ ಡಾಕ್ಟರ್ ಒಂದು ಚೀಟಿ ಬರೆದುಕೊಟ್ಟರು. ಐದೇ ಐದು ಟೆಸ್ಟ್. ಸಿಬಿಸಿ (ರಕ್ತಕಣಗಳ ಎಣಿಕೆ), ಖಾಲಿ ಹೊಟ್ಟೆ ಶುಗರ್, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್), ಟಿಎಸ್‌ಎಚ್ (ಥೈರಾಯ್ಡ್), ಲಿಪಿಡ್ ಪ್ರೊಫೈಲ್ (ಕೊಲೆಸ್ಟರಾಲ್). ಶುಗರ್, ಥೈರಾಯ್ಡ್ ಇರುವವರ ಮನೆಯಲ್ಲಿ ಇದೇನೂ ಹೊಸದಲ್ಲ, ಕರೆಂಟ್ ಬಿಲ್ ಬಂದ ಹಾಗೆ ಈ ಚೀಟಿಯೂ ಬರುತ್ತಲೇ ಇರುತ್ತದೆ. ಆಸ್ಪತ್ರೆಯ ಕೌಂಟರ್‌ನಲ್ಲೇ ಕೇಳಿದೆ: 2,600 ರೂಪಾಯಿ ಅಂದರು. ವಿಜಯನಗರದಲ್ಲಿ ನಮ್ಮ ಮನೆ ಹತ್ತಿರದ ಲ್ಯಾಬ್‌ನಲ್ಲಿ 1,650. ಸಂಜೆ ತಂಗಿ ಫೋನ್‌ನಲ್ಲಿ ಒಂದು ಆ್ಯಪ್ ತೆರೆದು ತೋರಿಸಿದಳು. ಇದೇ ಐದು ಟೆಸ್ಟ್, ಜೊತೆಗೆ ಇನ್ನೂ ಅರವತ್ತು ಚಿಲ್ಲರೆ ಟೆಸ್ಟ್, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ಎಲ್ಲ ಸೇರಿ 999.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಹಾಗಾದ್ರೆ ಜಾಸ್ತಿ ತಗೊಳ್ಳೋರು ಮೋಸ ಮಾಡ್ತಾರೋ, ಕಮ್ಮಿ ತಗೊಳ್ಳೋರು ಮೋಸ ಮಾಡ್ತಾರೋ?"

ಇಬ್ಬರೂ ಮಾಡದೇ ಇರಬಹುದು. ಅದೇ ಇದರಲ್ಲಿರುವ ತಮಾಷೆ. ಬಿಲ್‌ನಲ್ಲಿ ಬರುವ ಮೊತ್ತಕ್ಕೂ ಅಮ್ಮನ ರಕ್ತಕ್ಕೂ ಸಂಬಂಧ ತೀರಾ ಕಡಿಮೆ. ಅವತ್ತು ಅದೇ ಮೆಷಿನ್‌ಗೆ ಇನ್ನೆಷ್ಟು ಜನರ ರಕ್ತ ಹೋಯಿತು, ಮತ್ತೆ ನಮಗೂ ಆ ಮೆಷಿನ್‌ಗೂ ನಡುವೆ ಎಷ್ಟು ಜನ ಕೂತಿದ್ದಾರೆ, ರೇಟು ನಿಂತಿರುವುದು ಬಹುಪಾಲು ಈ ಎರಡರ ಮೇಲೆ.

ಮೊದಲು ಸೂಜಿಯಿಂದ ಶುರು ಮಾಡೋಣ. ಲ್ಯಾಬ್‌ನಲ್ಲಿ ಕೈ ಚಾಚಿ ಕೂತಾಗ ಬಣ್ಣ ಬಣ್ಣದ ಮುಚ್ಚಳದ ಟ್ಯೂಬ್‌ಗಳನ್ನು ನೋಡಿರುತ್ತೀರಿ. ಅವು ಅಂದಕ್ಕೆ ಅಲ್ಲ. ನೇರಳೆ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುತ್ತದೆ, ಸಿಬಿಸಿ ಮತ್ತು ಎಚ್‌ಬಿಎ1ಸಿ ಎರಡೂ ಅದರಲ್ಲೇ ಆಗುತ್ತವೆ. ಹಳದಿ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟಬೇಕು, ಆಮೇಲೆ ಮೇಲೆ ನಿಲ್ಲುವ ತಿಳಿ ದ್ರವವೇ ಸೀರಮ್. ಥೈರಾಯ್ಡ್, ಕೊಲೆಸ್ಟರಾಲ್‌ಗೆ ಅದು ಬೇಕು. ಬೂದು ಮುಚ್ಚಳದ್ದು ಶುಗರ್‌ಗೆ. ಅದರಲ್ಲಿ ಫ್ಲೋರೈಡ್ ಹಾಕಿರುತ್ತಾರೆ, ಯಾಕೆಂದರೆ ರಕ್ತಕಣಗಳು ಟ್ಯೂಬ್ ಒಳಗೆ ಹೋದ ಮೇಲೂ ಸುಮ್ನೆ ಕೂರುವುದಿಲ್ಲ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಮಾಮೂಲಿ ಟ್ಯೂಬ್‌ನಲ್ಲಿ ಹಾಗೇ ಬಿಟ್ಟರೆ ಗಂಟೆಗೆ ಸುಮಾರು 5ರಿಂದ 7 ಪರ್ಸೆಂಟ್ ಶುಗರ್ ಇಳಿದುಹೋಗುತ್ತದೆ.

ಅಂದರೆ ಅಮ್ಮನ ಐದು ಟೆಸ್ಟ್‌ಗೆ ಬೇಕಾಗಿದ್ದು ಮೂರು ಟ್ಯೂಬ್, ಒಂದು ಸೂಜಿ, ಒಂದು ಚೂರು ಹತ್ತಿ, ಸ್ಪಿರಿಟ್, ಒಂದು ಬ್ಯಾಂಡೇಜ್. ಎಲ್ಲ ಸೇರಿಸಿದರೂ ನೂರು ರೂಪಾಯಿ ಮುಟ್ಟುವುದಿಲ್ಲ. ಅಮೆರಿಕದಲ್ಲಿರುವ ನೆಂಟರ ಬಿಲ್ ನೋಡಿದರೆ ರಕ್ತ ತೆಗೆದದ್ದಕ್ಕೇ ಒಂದು ಬೇರೆ ಸಾಲು ಇರುತ್ತದೆ, 36415 ಅನ್ನುವ ಕೋಡ್‌ನಲ್ಲಿ. ನಮ್ಮಲ್ಲಿ ಲ್ಯಾಬ್‌ಗೆ ಹೋಗಿ ಕೊಟ್ಟರೆ ಅದು ಟೆಸ್ಟ್‌ನ ರೇಟಿನಲ್ಲೇ ಸೇರಿಹೋಗಿರುತ್ತದೆ. ಮನೆಗೆ ಕರೆಸಿದರೆ ಮಾತ್ರ ಎಷ್ಟೋ ಕಡೆ ಬೇರೆ ಚಾರ್ಜ್. ಅದಕ್ಕೂ ಕಾರಣ ಇದೆ. ಎಲ್ಲರಿಗೂ ಬೆಳಗ್ಗೆ ಆರರಿಂದ ಒಂಬತ್ತರ ಒಳಗೇ ಬರಬೇಕು, ಖಾಲಿ ಹೊಟ್ಟೆ ಅಲ್ವಾ, ಕಾಫಿ ಇಲ್ಲದೆ ಯಾರು ಎಷ್ಟು ಹೊತ್ತು ಕಾಯುತ್ತಾರೆ? ಆ ಮೂರು ಗಂಟೆಯಲ್ಲಿ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಒಬ್ಬ ಹುಡುಗ ಎಷ್ಟು ಮನೆ ಮುಟ್ಟಬಹುದು ಅನ್ನುವುದೇ ಅಲ್ಲಿಯ ಲೆಕ್ಕ.

ಹಾಗಾದರೆ ಮಿಕ್ಕ ದುಡ್ಡು ಎಲ್ಲಿಗೆ ಹೋಗುತ್ತದೆ?

ಹಿಟ್ಟಿನ ಗಿರಣಿ ನೆನಪಿದೆಯಲ್ಲ. ಒಂದು ಸೇರು ರಾಗಿ ತೆಗೆದುಕೊಂಡು ಹೋದರೂ, ಹತ್ತು ಸೇರು ತೆಗೆದುಕೊಂಡು ಹೋದರೂ, ಕಲ್ಲಿನ ಸಂದಿಯಲ್ಲಿ ಒಂದು ಹಿಡಿ ಹಿಟ್ಟು ಉಳಿದೇ ಉಳಿಯುತ್ತದೆ. ಹತ್ತು ಸೇರಿನವರಿಗೆ ಅದು ಲೆಕ್ಕಕ್ಕಿಲ್ಲ, ಒಂದು ಸೇರಿನವರಿಗೆ ಹೊಟ್ಟೆ ಉರಿಯುತ್ತದೆ. ಲ್ಯಾಬ್‌ನ ಮೆಷಿನ್ ಕೂಡ ಹಾಗೇ. ಬೆಳಗ್ಗೆ ಶುರು ಮಾಡಿದ ತಕ್ಷಣ ನಿಮ್ಮ ರಕ್ತ ಹಾಕಿಬಿಡುವ ಹಾಗಿಲ್ಲ. ಮೊದಲು ಕಂಟ್ರೋಲ್ ಓಡಿಸಬೇಕು, ಅಂದರೆ ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್. ಮೆಷಿನ್ ಅದಕ್ಕೆ ಸರಿ ಉತ್ತರ ಕೊಟ್ಟರೆ ಮಾತ್ರ ಮುಂದಿನ ಕೆಲಸ. ಕಂಟ್ರೋಲ್‌ಗೂ ದುಡ್ಡು ಕೊಡಬೇಕು, ಅದು ಕುಡಿಯುವ ರಿಏಜೆಂಟ್‌ಗೂ (ಟೆಸ್ಟ್‌ಗೆ ಬೇಕಾದ ರಾಸಾಯನಿಕ) ದುಡ್ಡು. ಈಗ ಲೆಕ್ಕ ಹಾಕಿ. ದಿನಕ್ಕೆ ಐದು ಟಿಎಸ್‌ಎಚ್ ಬರುವ ಲ್ಯಾಬ್ ಎರಡು ಕಂಟ್ರೋಲ್ ಹಾಕಿದರೆ, ಐದು ರಿಪೋರ್ಟ್ ಕೊಡಲು ಏಳು ಟೆಸ್ಟ್‌ನ ಖರ್ಚು. ದಿನಕ್ಕೆ ಐನೂರು ಬರುವ ಲ್ಯಾಬ್‌ಗೆ ಐನೂರಾ ಎರಡರ ಖರ್ಚು. ಅದರ ಮೇಲೆ ರಿಏಜೆಂಟ್ ಡಬ್ಬಿ ಒಮ್ಮೆ ಒಡೆದು ಮೆಷಿನ್‌ಗೆ ಹಾಕಿದರೆ ಇಂತಿಷ್ಟು ವಾರದ ಒಳಗೆ ಮುಗಿಸಬೇಕು. ಮುಗಿಯದಿದ್ದರೆ ಮೋರಿಗೆ ಚೆಲ್ಲಬೇಕು. ಚೆಲ್ಲಿದ್ದರ ದುಡ್ಡೂ ಐದೇ ಜನರ ಬಿಲ್‌ನಲ್ಲಿ ಬರಬೇಕು.

ಇನ್ನೊಂದು ವಿಷಯ ಹೊರಗಿನವರಿಗೆ ಅಷ್ಟು ಗೊತ್ತಿರುವುದಿಲ್ಲ. ಎಷ್ಟೋ ಲ್ಯಾಬ್‌ಗಳಲ್ಲಿ ಆ ದೊಡ್ಡ ಮೆಷಿನ್ ಲ್ಯಾಬ್‌ನವರದ್ದೇ ಅಲ್ಲ. ಕಂಪನಿಯವರು ಮೆಷಿನ್ ಪುಕ್ಕಟೆ ತಂದು ಇಡುತ್ತಾರೆ, ತಿಂಗಳಿಗೆ ಇಷ್ಟು ರಿಏಜೆಂಟ್ ನಮ್ಮಲ್ಲೇ ಕೊಳ್ಳಬೇಕು ಅಂತ ಕರಾರು ಮಾಡಿಕೊಳ್ಳುತ್ತಾರೆ. ಪ್ರಿಂಟರ್ ಅಗ್ಗಕ್ಕೆ ಕೊಟ್ಟು ಇಂಕ್‌ನಲ್ಲಿ ದುಡ್ಡು ಮಾಡುವ ಹಾಗೆ. ಜಾಸ್ತಿ ಟೆಸ್ಟ್ ಮಾಡುವ ಲ್ಯಾಬ್‌ಗೆ ರಿಏಜೆಂಟ್ ಕಡಿಮೆ ರೇಟಿಗೆ ಸಿಗುತ್ತದೆ, ಚಿಕ್ಕ ಲ್ಯಾಬ್‌ಗೆ ಅದೇ ಡಬ್ಬಿ ದುಬಾರಿ. ನಿಮ್ಮ ಬಿಲ್‌ನಲ್ಲಿ ಜಿಎಸ್‌ಟಿ ಕಾಣುವುದಿಲ್ಲ, ರೋಗಿಗೆ ಮಾಡುವ ಟೆಸ್ಟ್‌ಗೆ ವಿನಾಯಿತಿ ಇದೆ. ಆದರೆ ಲ್ಯಾಬ್ ಕೊಳ್ಳುವ ಕಿಟ್‌ಗೆ, ರಿಏಜೆಂಟ್‌ಗೆ ಜಿಎಸ್‌ಟಿ ಇದೆ, ಅದನ್ನು ವಾಪಸ್ ಪಡೆಯುವ ದಾರಿ ಲ್ಯಾಬ್‌ಗೆ ಇಲ್ಲ, ಹಾಗಾಗಿ ಅದು ರೇಟಿನೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಆ ತೆರಿಗೆ 12 ಪರ್ಸೆಂಟ್‌ನಿಂದ 5ಕ್ಕೆ ಇಳಿಯಿತು. ನಮ್ಮ ಲ್ಯಾಬ್‌ನ ರೇಟು ಇಳಿಯಿತಾ? ನನಗಂತೂ ಕಂಡಿಲ್ಲ.

ಈ ಗಿರಣಿ ಲೆಕ್ಕವನ್ನು ಎಲ್ಲರಿಗಿಂತ ಮೊದಲು ದೊಡ್ಡ ಮಟ್ಟದಲ್ಲಿ ಹಿಡಿದವರಲ್ಲಿ ವೇಲುಮಣಿ ಒಬ್ಬರು. 1996ರಲ್ಲಿ ಮುಂಬೈಯಲ್ಲಿ ಥೈರೋಕೇರ್ ಶುರು ಮಾಡಿದರು, ಹೆಸರೇ ಹೇಳುವ ಹಾಗೆ ಥೈರಾಯ್ಡ್ ಟೆಸ್ಟ್‌ನಿಂದ. ಊರೂರಲ್ಲಿ ಲ್ಯಾಬ್ ಕಟ್ಟಲಿಲ್ಲ. ಊರೂರಿಂದ ಟ್ಯೂಬ್‌ಗಳನ್ನು ವಿಮಾನದಲ್ಲಿ ತರಿಸಿ, ಒಂದೇ ಕಡೆ ರಾತ್ರಿಯಿಡೀ ಮೆಷಿನ್ ಓಡಿಸಿದರು. ರೇಟು ಇಳಿಯಿತು, ಇಳಿದದ್ದಕ್ಕೆ ಇನ್ನೂ ಜಾಸ್ತಿ ಟ್ಯೂಬ್ ಬಂದವು, ಮತ್ತೆ ರೇಟು ಇಳಿಸಲು ಆಯಿತು. ಈಗಿನ ಆ್ಯಪ್‌ಗಳ ಹಿಂದೆ ಇರುವುದೂ ಬಹುಪಾಲು ಇದೇ ಲೆಕ್ಕ. ನಿಮ್ಮ ಬೀದಿಯಲ್ಲಿರುವುದು ಬರೀ ಕಲೆಕ್ಷನ್ ಸೆಂಟರ್, ಒಂದು ಕುರ್ಚಿ, ಒಂದು ಫ್ರಿಜ್, ಒಂದು ಹುಡುಗಿ. ಟೆಸ್ಟ್ ಆಗುವುದು ಇನ್ನೆಲ್ಲೋ. ತಾಲ್ಲೂಕು ಕೇಂದ್ರದ ಚಿಕ್ಕ ಲ್ಯಾಬ್ ಕೂಡ ಶುಗರ್, ಸಿಬಿಸಿ ತಾನೇ ಮಾಡಿ, ವಿಟಮಿನ್ ಡಿ ತರಹದ್ದನ್ನು ದೊಡ್ಡ ಲ್ಯಾಬ್‌ಗೆ ಕಳಿಸುತ್ತದೆ. ಲ್ಯಾಬ್‌ನಿಂದ ಲ್ಯಾಬ್‌ಗೆ ಇರುವ ರೇಟು ನಾವು ಕೊಡುವ ರೇಟಿನ ಅರ್ಧಕ್ಕಿಂತ ಎಷ್ಟೋ ಕಡಿಮೆ ಇರುವುದುಂಟು. ಚೌಕಾಸಿ ಮಾಡಿದರೆ ಲ್ಯಾಬ್‌ನವರು ಒಂದಿಷ್ಟು ಬಿಡುವುದು ಅಲ್ಲಿಂದಲೇ.

ಟ್ಯೂಬ್ ದೂರ ಹೋಗುವುದರಲ್ಲಿ ತೊಂದರೆ ಇಲ್ಲವೇ? ಸರಿಯಾಗಿ ಕೊಂಡೊಯ್ದರೆ ಇಲ್ಲ. ಇಲ್ಲದಿದ್ದರೆ ಇದೆ. ಎರಡು ವರ್ಷದ ಹಿಂದೆ ಅಪ್ಪನಿಗೆ ಮನೆಯಲ್ಲೇ ರಕ್ತ ತೆಗೆಸಿದೆವು, ಬೇಸಿಗೆ, ಆ ಹುಡುಗ ನಮ್ಮ ಮನೆ ಮುಗಿಸಿ ಇನ್ನೂ ಐದಾರು ಮನೆ ಸುತ್ತಿ ಮಧ್ಯಾಹ್ನಕ್ಕೆ ಲ್ಯಾಬ್ ಸೇರಿದನಂತೆ. ರಾತ್ರಿ ರಿಪೋರ್ಟ್ ಬಂತು: ಪೊಟ್ಯಾಸಿಯಮ್ 6.2, ಕೆಂಪು ಅಕ್ಷರದಲ್ಲಿ. ಗೂಗಲ್ ಮಾಡಬೇಡಿ ಅಂತ ಎಲ್ಲರೂ ಹೇಳುತ್ತಾರೆ, ನಾವು ಮಾಡಿದೆವು, ಹೃದಯವೇ ನಿಲ್ಲಬಹುದು ಅಂತಿತ್ತು. ಹತ್ತು ಗಂಟೆಗೆ ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಡ್ಯೂಟಿ ಡಾಕ್ಟರ್ ಅಪ್ಪನನ್ನು ನೋಡಿ, ರಿಪೋರ್ಟ್ ನೋಡಿ, ಇಸಿಜಿ ತೆಗೆಸಿ, ಇನ್ನೊಮ್ಮೆ ರಕ್ತ ತೆಗೆಯಿರಿ ಅಂದರು. 4.4 ಬಂತು, ನಾರ್ಮಲ್. ಕೆಂಪು ರಕ್ತಕಣದ ಒಳಗೆ ಪೊಟ್ಯಾಸಿಯಮ್ ತುಂಬಿರುತ್ತದೆ, ಟ್ಯೂಬ್‌ನಲ್ಲಿ ಕಣ ಒಡೆದರೆ ಅದೆಲ್ಲ ಹೊರಗೆ ಸೋರಿ ಅಂಕಿ ಸುಮ್ಮನೆ ಏರಿಬಿಡುತ್ತದೆ. ಒಳ್ಳೆ ಲ್ಯಾಬ್ ಆಗಿದ್ದರೆ ಆ ಸ್ಯಾಂಪಲ್ ನೋಡಿ "ಒಡೆದಿದೆ, ಮತ್ತೆ ಕೊಡಿ" ಅನ್ನುತ್ತಿತ್ತು. ಅಗ್ಗದ ಲ್ಯಾಬ್ ಅಂತ ಅವತ್ತು ಉಳಿಸಿದ್ದು ಮುನ್ನೂರು ರೂಪಾಯಿ, ಆಟೋ, ಇಸಿಜಿ, ಎಮರ್ಜೆನ್ಸಿ ಚಾರ್ಜ್ ಎಲ್ಲ ಸೇರಿ ಹೋಗಿದ್ದು ಎರಡು ಸಾವಿರದ ಮೇಲೆ.

ಹಾಗಂತ ದುಬಾರಿ ಲ್ಯಾಬ್‌ನಲ್ಲಿ ಇದು ಆಗುವುದಿಲ್ಲ ಅಂತೇನೂ ಇಲ್ಲ. ರೇಟು ನೋಡಿ ಗುಣ ಹೇಳಲು ಬರುವುದಿಲ್ಲ. ನೋಡಬೇಕಾದದ್ದು ಬೇರೆ. ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಮಾನ್ಯತೆ ಇದೆಯಾ ಕೇಳಬಹುದು, ಐಎಸ್‌ಒ 15189 ಅನ್ನುವ ಮಾನದಂಡದ ಪ್ರಕಾರ ಕೊಡುವಂಥದ್ದು. ಇದು ಕಡ್ಡಾಯವಲ್ಲ, ಲ್ಯಾಬ್ ತಾನಾಗಿ ಪಡೆದುಕೊಳ್ಳಬೇಕು, ಅದಕ್ಕೆ ಖರ್ಚೂ ಇದೆ. ಒಂದು ಸೂಕ್ಷ್ಮ ಇದೆ ಇಲ್ಲಿ. ಮಾನ್ಯತೆ ಇಡೀ ಲ್ಯಾಬ್‌ಗೆ ಕಣ್ಣು ಮುಚ್ಚಿ ಸಿಗುವುದಿಲ್ಲ, ಒಂದೊಂದು ಟೆಸ್ಟ್‌ಗೆ ಸಿಗುತ್ತದೆ. ಗೋಡೆ ಮೇಲೆ ಸರ್ಟಿಫಿಕೇಟ್ ಇದ್ದರೂ ನಿಮ್ಮ ಟೆಸ್ಟ್ ಅದರ ಪಟ್ಟಿಯಲ್ಲಿ ಇಲ್ಲದಿರಬಹುದು. ಮಾನ್ಯತೆ ಇಲ್ಲದ ಚಿಕ್ಕ ಲ್ಯಾಬ್‌ನವರಲ್ಲೂ ಶ್ರದ್ಧೆಯವರು ಇದ್ದಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು (ಸಿಎಂಸಿ) ನಡೆಸುವ ಗುಣಮಟ್ಟ ಪರೀಕ್ಷೆಗೆ ಸೇರಿಕೊಂಡು, ಅವರು ಕಳಿಸುವ ಗುಟ್ಟಿನ ಸ್ಯಾಂಪಲ್ ಓಡಿಸಿ ಉತ್ತರ ಕಳಿಸುತ್ತಾರೆ, ಮಿಕ್ಕ ಲ್ಯಾಬ್‌ಗಳ ಉತ್ತರದ ಜೊತೆ ತಾಳೆ ನೋಡಿ ಅಂಕ ಬರುತ್ತದೆ. "ನೀವು ಅದರಲ್ಲಿ ಇದ್ದೀರಾ?" ಅಂತ ಕೇಳಿ ನೋಡಿ. ಖುಷಿಯಿಂದ ಫೈಲ್ ತೆಗೆದು ತೋರಿಸಿದರೆ ನಂಬಬಹುದು. ರಿಪೋರ್ಟ್ ಕೆಳಗೆ ಪ್ಯಾಥಾಲಜಿಸ್ಟ್ ಹೆಸರು, ನೋಂದಣಿ ಸಂಖ್ಯೆ ಇದೆಯಾ ಅಂತಲೂ ನೋಡಿ.

ಈಗ ಆಸ್ಪತ್ರೆಯ 2,600ಕ್ಕೆ ಬರೋಣ. ಒಂದು ಪಾಲು ನ್ಯಾಯವಾದದ್ದು. ಆಸ್ಪತ್ರೆ ಲ್ಯಾಬ್ ರಾತ್ರಿ ಎರಡು ಗಂಟೆಗೆ ಎದೆನೋವು ಅಂತ ಬಂದವರ ಟ್ರೋಪೊನಿನ್ (ಹೃದಯಾಘಾತ ಪತ್ತೆಯ ಟೆಸ್ಟ್) ಅನ್ನು ಒಂದು ಗಂಟೆಯೊಳಗೆ ಹೇಳಬೇಕು. ಅದಕ್ಕೆ ಟೆಕ್ನಿಷಿಯನ್ ಎಚ್ಚರ ಇರಬೇಕು, ಮೆಷಿನ್ ಬಿಸಿ ಇರಬೇಕು, ರಿಏಜೆಂಟ್ ತುಂಬಿರಬೇಕು, ಯಾರೂ ಬರದ ರಾತ್ರಿಯೂ. ಆ ಎಚ್ಚರದ ಖರ್ಚು ಬೆಳಗ್ಗೆ ಸಾವಧಾನವಾಗಿ ಬಂದು ಕೊಲೆಸ್ಟರಾಲ್ ಮಾಡಿಸುವ ನಮ್ಮಂಥವರ ಬಿಲ್‌ನಲ್ಲೂ ಹಂಚಿಹೋಗುತ್ತದೆ. ಆದರೆ ಇನ್ನೊಂದು ಪಾಲಿಗೆ ಆ ಸಮರ್ಥನೆ ಇಲ್ಲ. ಅಡ್ಮಿಟ್ ಆದವರಿಗೆ ಎಷ್ಟೋ ಆಸ್ಪತ್ರೆಗಳಲ್ಲಿ ರೂಮ್‌ನ ದರ್ಜೆ ನೋಡಿ ಟೆಸ್ಟ್‌ನ ರೇಟು ಹಾಕುತ್ತಾರೆ. ಜನರಲ್ ವಾರ್ಡ್‌ನಲ್ಲಿ ಮಲಗಿದರೆ ಸಿಬಿಸಿಗೆ ಒಂದು ರೇಟು, ಸಿಂಗಲ್ ರೂಮ್‌ನಲ್ಲಿ ಮಲಗಿದರೆ ಅದೇ ಸಿಬಿಸಿಗೆ ಇನ್ನೊಂದು. ರಕ್ತಕ್ಕೆ ಎಸಿ ಹಾಕಿದ್ದಾರಾ?

ನಡುವೆ ಕೂತವರ ವಿಷಯ ಬಂತು ಅಂದರೆ ಕಮಿಷನ್ ಬಗ್ಗೆ ಹೇಳಲೇಬೇಕು. 2017ರ ಕೊನೆಯಲ್ಲಿ ಆದಾಯ ತೆರಿಗೆ ಇಲಾಖೆ ಬೆಂಗಳೂರಿನ ಕೆಲವು ಐವಿಎಫ್ (ಬಂಜೆತನ ಚಿಕಿತ್ಸೆ) ಕೇಂದ್ರ ಮತ್ತು ಡಯಾಗ್ನೋಸ್ಟಿಕ್ ಸೆಂಟರ್‌ಗಳ ಮೇಲೆ ದಾಳಿ ಮಾಡಿತು. ರೋಗಿಗಳನ್ನು ಕಳಿಸಿದ್ದಕ್ಕೆ ಡಾಕ್ಟರ್‌ಗಳಿಗೆ ಎಂಆರ್‌ಐ ಬಿಲ್‌ನಲ್ಲಿ 35 ಪರ್ಸೆಂಟ್, ಸಿಟಿ ಸ್ಕ್ಯಾನ್ ಮತ್ತು ಲ್ಯಾಬ್ ಟೆಸ್ಟ್‌ನಲ್ಲಿ 20 ಪರ್ಸೆಂಟ್ ಹೋಗುತ್ತಿತ್ತು ಅಂತ ಇಲಾಖೆಯೇ ಹೇಳಿತು. ಡಾಕ್ಟರ್‌ಗಳ ವೃತ್ತಿ ನಿಯಮ 2002ರಿಂದಲೇ ಇದನ್ನು ನಿಷೇಧಿಸಿದೆ. ಎಲ್ಲ ಡಾಕ್ಟರ್‌ಗಳೂ ಹೀಗೆ ಅಂತಲ್ಲ, ನಮ್ಮ ಡಾಕ್ಟರ್ "ಎಲ್ಲಾದ್ರೂ ಮಾಡಿಸಿ, ಪ್ರತಿ ಸಲ ಒಂದೇ ಕಡೆ ಮಾಡಿಸಿ" ಅಂದರು. ಅದು ಒಳ್ಳೆ ಮಾತು, ಯಾಕೆಂದರೆ ಒಂದೊಂದು ಲ್ಯಾಬ್‌ನ ಮೆಷಿನ್, ವಿಧಾನ ಬೇರೆ ಇರುವುದರಿಂದ ಟಿಎಸ್‌ಎಚ್ ತರಹದ ಅಂಕಿ ಲ್ಯಾಬ್ ಬದಲಿಸಿದಾಗ ಒಂದಿಷ್ಟು ಆಚೀಚೆ ಆಗುತ್ತದೆ. ಆದರೆ ಡಾಕ್ಟರ್ "ಇದೇ ಲ್ಯಾಬ್" ಅಂತ ಹೆಸರು ಹಿಡಿದು ಹೇಳಿದರೆ, ಯಾಕೆ ಸರ್ ಅಂತ ಒಂದು ಮಾತು ಕೇಳುವುದರಲ್ಲಿ ತಪ್ಪಿಲ್ಲ. ರಿಪೋರ್ಟ್ ಮೇಲೆ ನಂಬಿಕೆ ಇದೆ ಅಂದರೆ ಅದೂ ನ್ಯಾಯವಾದ ಕಾರಣವೇ.

ಸರ್ಕಾರ ಸುಮ್ಮನೆ ಕೂತಿದೆಯಾ ಅಂದರೆ, ಹೆದರಿಕೆ ಹಬ್ಬಿದಾಗ ಮಾತ್ರ ಏಳುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಆರ್‌ಟಿ-ಪಿಸಿಆರ್ ಟೆಸ್ಟ್‌ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹಾಕಿದ ಗರಿಷ್ಠ ಮಿತಿ 4,500 ರೂಪಾಯಿ. ಅದೇ ವರ್ಷ ನವೆಂಬರ್ ಕೊನೆಗೆ ದೆಹಲಿ ಸರ್ಕಾರ ಅದನ್ನು 800ಕ್ಕೆ ಇಳಿಸಿತು. ವೈರಸ್ ಅದೇ, ಮೂಗಿಗೆ ಹಾಕುವ ಕಡ್ಡಿಯೂ ಅದೇ. ಬದಲಾದದ್ದು ಕಿಟ್ ಬೆಲೆ ಮತ್ತು ದಿನಕ್ಕೆ ಬರುವ ಸ್ಯಾಂಪಲ್ ಸಂಖ್ಯೆ, ಅದೇ ಗಿರಣಿ ಲೆಕ್ಕ. ಕರ್ನಾಟಕದಲ್ಲಿ 2024ರ ಜುಲೈನಲ್ಲಿ ಡೆಂಗಿ ಜೋರಾದಾಗ ರಾಜ್ಯ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ ಮಿತಿ ಹಾಕಿತು: ಡೆಂಗಿ ಪತ್ತೆಯ ಎನ್‌ಎಸ್1 ಎಲೈಸಾ ಟೆಸ್ಟ್‌ಗೆ 300, ಐಜಿಎಂ ಎಲೈಸಾಗೆ 300, ರ‍್ಯಾಪಿಡ್ ಕಾರ್ಡ್‌ಗೆ 250. ನಮ್ಮ ಸಿಬಿಸಿ, ಥೈರಾಯ್ಡ್, ಕೊಲೆಸ್ಟರಾಲ್‌ಗೆ ಇಂಥ ಮಿತಿ ಇಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಲ್ಯಾಬ್ ನೋಂದಣಿ ಆಗಿರಬೇಕು, ರೇಟಿನ ಪಟ್ಟಿ ಜನರಿಗೆ ಕಾಣುವ ಹಾಗೆ ಹಾಕಬೇಕು. ಕಾಣದಿದ್ದರೆ ಕೇಳಿ, ಕೌಂಟರ್ ಕೆಳಗಿಂದ ಲ್ಯಾಮಿನೇಷನ್ ಮಾಡಿದ ಹಾಳೆ ಹೊರಗೆ ಬರುತ್ತದೆ.

ಇನ್ನು ಆ 999ರ ಪ್ಯಾಕೇಜ್. ನನಗೆ ಎಲ್ಲಕ್ಕಿಂತ ಮಜಾ ಕೊಟ್ಟದ್ದು ಇದು. ತಂಗಿಯ ಫೋನ್ ಕಿತ್ತುಕೊಂಡು ಆ ಅರವತ್ತು ಚಿಲ್ಲರೆ ಟೆಸ್ಟ್‌ಗಳನ್ನು ಒಂದೊಂದಾಗಿ ಎಣಿಸಿದೆ. ಸಿಬಿಸಿ ಒಂದನ್ನೇ ಇಪ್ಪತ್ತಕ್ಕೂ ಜಾಸ್ತಿ ಟೆಸ್ಟ್ ಅಂತ ಎಣಿಸಿದ್ದಾರೆ. ಮೆಷಿನ್ ಒಂದೇ ಗುಟುಕಿಗೆ ಅವೆಲ್ಲವನ್ನೂ ಕೊಡುತ್ತದೆ. ಆಮೇಲೆ ಲಿಪಿಡ್. ಟೋಟಲ್ ಕೊಲೆಸ್ಟರಾಲ್ 200, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 150 ಅಂತ ಅಳೆದರು ಅಂದುಕೊಳ್ಳಿ. 150 ಅನ್ನು ಐದರಿಂದ ಭಾಗಿಸಿದರೆ 30, ಅದು ವಿಎಲ್‌ಡಿಎಲ್. 200ರಲ್ಲಿ 40 ಮತ್ತು 30 ಕಳೆದರೆ 130, ಅದು ಎಲ್‌ಡಿಎಲ್, ಕೆಟ್ಟ ಕೊಲೆಸ್ಟರಾಲ್ ಅನ್ನುವುದು. ಫ್ರೀಡ್‌ವಾಲ್ಡ್ ಸೂತ್ರ ಅನ್ನುತ್ತಾರೆ, 1972ರಿಂದ ಇದೆ, ಟ್ರೈಗ್ಲಿಸರೈಡ್ 400 ದಾಟಿದರೆ ನಡೆಯುವುದಿಲ್ಲ. ಸೂತ್ರದಲ್ಲಿ ತಪ್ಪೇನಿಲ್ಲ, ಕೆಲವು ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುತ್ತವೆ ಕೂಡ. ಆದರೆ ಒಂದು ಕಳೆಯುವ ಲೆಕ್ಕವನ್ನು ಟೆಸ್ಟ್ ಅಂತ ಪಟ್ಟಿಗೆ ಸೇರಿಸಿದರೆ ಸಂಖ್ಯೆ ಏರಲೇಬೇಕಲ್ಲ? ಹೀಗೇ ಎಚ್‌ಬಿಎ1ಸಿ 7 ಬಂದರೆ 28.7ರಿಂದ ಗುಣಿಸಿ 46.7 ಕಳೆದರೆ 154, ಅದು "ಸರಾಸರಿ ಶುಗರ್" ಅನ್ನುವ ಇನ್ನೊಂದು ಟೆಸ್ಟ್. ಪ್ರೋಟೀನ್‌ನಲ್ಲಿ ಆಲ್ಬುಮಿನ್ ಕಳೆದರೆ ಗ್ಲೋಬ್ಯುಲಿನ್, ಇನ್ನೊಂದು. ಆಲ್ಬುಮಿನ್ ಅನ್ನು ಅದರಿಂದ ಭಾಗಿಸಿದರೆ ಮತ್ತೊಂದು. ನಿಜವಾಗಿ ರಿಏಜೆಂಟ್ ಖರ್ಚಾಗುವ ಟೆಸ್ಟ್ ಎಣಿಸಿದಾಗ ಇಪ್ಪತ್ತು ಚಿಲ್ಲರೆಗೆ ಬಂದು ನಿಂತಿತು.

ಇಪ್ಪತ್ತಾದರೂ 999ಕ್ಕೆ ಅಗ್ಗವೇ ಅಲ್ವಾ? ಹೌದು, ರಕ್ತ ಹೇಗೂ ಬಂದಿದೆ, ಹಳದಿ ಟ್ಯೂಬ್‌ನಲ್ಲಿ ಸೀರಮ್ ಉಳಿದಿದೆ, ಲಿವರ್ ಕಿಡ್ನಿ ಟೆಸ್ಟ್‌ಗೆ ಹಿಡಿಯುವ ರಿಏಜೆಂಟ್ ತೀರಾ ಅಗ್ಗ, ಜೊತೆಗೆ ಸೇರಿಸುವುದರಿಂದ ಅವರಿಗೆ ಹೋಗುವುದು ಸ್ವಲ್ಪವೇ. ಸಮಸ್ಯೆ ಆಮೇಲೆ ಶುರುವಾಗುತ್ತದೆ. ರಿಪೋರ್ಟ್‌ನಲ್ಲಿ "ನಾರ್ಮಲ್" ಅಂತ ಕೊಡುವ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗೆ ಬರುವ ಹಾಗೆ ಹಾಕಿರುತ್ತಾರೆ. ಮಿಕ್ಕ ಐದು ಜನ ಚೆನ್ನಾಗಿದ್ದೂ ಹೊರಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಟೆಸ್ಟ್ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವರಿಗೂ ಎಲ್ಲಾದರೂ ಒಂದು ಕಡೆ ದಪ್ಪ ಅಕ್ಷರ ಬರುವ ಸಾಧ್ಯತೆ 64 ಪರ್ಸೆಂಟ್. ಆ ಒಂದು ದಪ್ಪ ಅಕ್ಷರ ಹಿಡಿದು ಇನ್ನೊಂದು ಡಾಕ್ಟರ್, ಇನ್ನೊಂದು ಟೆಸ್ಟ್, ಒಂದು ಸ್ಕ್ಯಾನ್. ಕೆಲವು ಲ್ಯಾಬ್‌ಗಳು ರಿಪೋರ್ಟ್ ಬಂದ ಮರುದಿನವೇ "ಮೇಡಂ, ನಿಮ್ಮ ವಿಟಮಿನ್ ಸ್ವಲ್ಪ ಕಮ್ಮಿ ಇದೆ" ಅಂತ ಫೋನ್ ಮಾಡುವುದು ಸುಮ್ಮನೆ ಅಲ್ಲ.

ಪೂರ್ತಿ ಪುಕ್ಕಟೆ ದಾರಿಯೂ ಇದೆ, ನಮ್ಮಂಥವರು ಮರೆತಿರುತ್ತೇವೆ ಅಷ್ಟೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸರ್ಕಾರದ 'ನಮ್ಮ ಕ್ಲಿನಿಕ್'ನಲ್ಲಿ ಹಿಮೋಗ್ಲೋಬಿನ್, ಶುಗರ್ ತರಹದ ಮಾಮೂಲಿ ಟೆಸ್ಟ್‌ಗೆ ದುಡ್ಡಿಲ್ಲ. ಕ್ಯೂ ಇದೆ, ಎಲ್ಲ ಟೆಸ್ಟ್ ಅಲ್ಲಿ ಸಿಗುವುದೂ ಇಲ್ಲ. ಇನ್ನು ತೆರಿಗೆ ಕಟ್ಟುವ ಮಕ್ಕಳಿದ್ದರೆ, ಹಳೇ ತೆರಿಗೆ ಪದ್ಧತಿಯಲ್ಲಿ ಮುನ್ನೆಚ್ಚರಿಕೆಯ ಹೆಲ್ತ್ ಚೆಕಪ್‌ಗೆ ವರ್ಷಕ್ಕೆ 5,000ದವರೆಗೆ ಆದಾಯದಲ್ಲಿ ಕಳೆದು ತೋರಿಸಬಹುದು, ಕ್ಯಾಶ್ ಕೊಟ್ಟಿದ್ದರೂ ಆಗುತ್ತದೆ. ಬಿಲ್ ಇಟ್ಟುಕೊಳ್ಳಿ.

ನಾವು ಕೊನೆಗೆ ಏನು ಮಾಡಿದೆವು ಅಂದರೆ, ಲ್ಯಾಬ್ ಹುಡುಕುವುದನ್ನು ಬಿಟ್ಟು ಡಾಕ್ಟರ್‌ಗೇ ಫೋನ್ ಮಾಡಿದೆವು. ಹಳೇ ರಿಪೋರ್ಟ್‌ಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಸರ್, ಇವೆಲ್ಲ ಈಗಲೇ ಬೇಕಾ ಅಂತ ಕೇಳಿದೆ. ಅವರು ನೋಡಿ, ಲಿಪಿಡ್ ನಾಲ್ಕು ತಿಂಗಳ ಹಿಂದೆ ಚೆನ್ನಾಗಿತ್ತಲ್ಲ, ಸಿಬಿಸಿಯೂ ಸರಿ ಇದೆ, ಎರಡೂ ಮುಂದಿನ ಸಲ ನೋಡೋಣ ಅಂದರು. ಎಚ್‌ಬಿಎ1ಸಿ ಮಾತ್ರ ಬೇಕೇ ಬೇಕು, ಹೋದ ಸಲದ್ದಕ್ಕೆ ಮೂರು ತಿಂಗಳು ತುಂಬಿದೆ. ಕೆಂಪು ರಕ್ತಕಣದ ಆಯಸ್ಸೇ ಸುಮಾರು 120 ದಿನ, ಅದಕ್ಕೆ ಅಂಟಿಕೊಂಡ ಸಕ್ಕರೆಯ ಲೆಕ್ಕ ಅದು, ಹಾಗಾಗಿ ತಿಂಗಳು ತಿಂಗಳು ಮಾಡಿಸಿದರೆ ದುಡ್ಡು ದಂಡ. ಥೈರಾಯ್ಡ್ ಮಾತ್ರೆಯ ಡೋಸ್ ಬದಲಿಸಿ ಎರಡು ತಿಂಗಳಾಗಿದೆ, ಟಿಎಸ್‌ಎಚ್ ಬೇಕು. ಹೀಗೆ ಐದು ಹೋಗಿ ಮೂರಾಯಿತು.

ಮನೆ ಹತ್ತಿರದ ಲ್ಯಾಬ್‌ಗೇ ಹೋದೆವು. ಶುಗರ್ 100, ಎಚ್‌ಬಿಎ1ಸಿ 450, ಟಿಎಸ್‌ಎಚ್ 300, ಒಟ್ಟು 850. ಹಿರಿಯ ನಾಗರಿಕರಿಗೆ ಹತ್ತು ಪರ್ಸೆಂಟ್ ಬಿಡುತ್ತಾರಂತೆ, ಕೇಳಿದ ಮೇಲೆ ಹೇಳಿದರು. 765 ಆಯಿತು. ಬಿಲ್ ಹಾಕುವ ಹುಡುಗಿ ತಲೆ ಎತ್ತಿ, "ಆಂಟಿ, ಇನ್ನೊಂದು ಐನೂರು ಸೇರಿಸಿದ್ರೆ ಎಪ್ಪತ್ತು ಟೆಸ್ಟ್ ಬರುತ್ತೆ, ಆಫರ್ ಇದೆ" ಅಂದಳು.

ಅಮ್ಮ ಸೆರಗು ಸರಿಮಾಡಿಕೊಂಡು ತೋಳು ಚಾಚಿದರು. "ಬೇಡ ಕಣಮ್ಮ, ಮೂರೇ ಸಾಕು. ಬೇಗ ತೆಗಿ, ಕಾಫಿ ಕುಡೀಬೇಕು."